ದೋಣಿ ಓಡಿಸುವ ಸುಳ್ಳು

ನಾನು ಸುಳ್ಳು ಹೇಳಿ ಬದುಕಿದವಳು. ನಮ್ಮೂರಿನಲ್ಲಿ ಅದು ಗೌರವದ ಕೆಲಸ. ಊರಿನ ನಡುವೆ ಹೊಳೆ. ಈ ದಡದಲ್ಲಿ ಮನೆಗಳು, ಆ ದಡದಲ್ಲಿ ಪೇಟೆ, ಶಾಲೆ, ಕಲ್ಯಾಣ ಮಂಟಪ. ನಡುವೆ ಓಡಾಡುವುದು ಒಂದೇ ದೋಣಿ. ಅದು ಮುಂದೆ ಹೋಗಬೇಕಾದರೆ ಅದರಲ್ಲಿ ಕೂತವರು ಯಾರಾದರೂ ಒಂದು ಹೊಸ ಸುಳ್ಳು ಹೇಳಬೇಕು. ಹೇಳದಿದ್ದರೆ ಹಗ್ಗ ಕಟ್ಟಿ ಎಳೆದರೂ ಅಲುಗುವುದಿಲ್ಲ. ಒಳ್ಳೆಯ ಸುಳ್ಳಾದರೆ ನೇರ ಆ ದಡಕ್ಕೆ ಮುಟ್ಟಿಸುತ್ತದೆ, ಬಡಕಲು ಸುಳ್ಳಾದರೆ ನಡುನೀರಿನಲ್ಲಿ ನಿಂತು ಇನ್ನೊಂದನ್ನು ಕೇಳುತ್ತದೆ.

ತೊಂದರೆ ಇರುವುದು ‘ಹೊಸ’ ಎಂಬ ಮಾತಿನಲ್ಲಿ. ಒಮ್ಮೆ ದೋಣಿಯಲ್ಲಿ ಹೇಳಿದ ಸುಳ್ಳು ಮತ್ತೆ ನಡೆಯುವುದಿಲ್ಲ. ‘ಚೆನ್ನಾಗಿದ್ದೀನಿ’, ‘ಈಗಷ್ಟೇ ಊಟ ಆಯ್ತು’, ‘ನಿಮ್ಮನ್ನೇ ನೆನೆಸ್ಕೊಳ್ತಿದ್ದೆ’ ಇವೆಲ್ಲ ನಮ್ಮ ಅಜ್ಜಂದಿರ ಕಾಲಕ್ಕೇ ಖರ್ಚಾಗಿಹೋಗಿದ್ದವು. ಹಾಗೆಂದು ಸಿಕ್ಕಿದ್ದನ್ನು ಹೇಳುವಂತೆಯೂ ಇಲ್ಲ. ನಿನ್ನೆ ಸಂಜೆ ಎಲ್ಲಿದ್ದೆ ಎಂದು ಹೆಂಡತಿಗೆ ವಿವರಿಸುತ್ತಿರುವಾಗ ದೋಣಿ ಜಗ್ಗಿ ಮುಂದೆ ಹೋಯಿತೆಂದರೆ ಅಲ್ಲಿಗೆ ಸಂಸಾರದ ಕಥೆ ಮುಗಿಯಿತು. ಅದಕ್ಕೇ ನಮ್ಮೂರ ಗಂಡಸರು ದೋಣಿ ಹತ್ತುವ ಮೊದಲು ಬಾಯಿ ತುಂಬ ಎಲೆಅಡಿಕೆ ತುಂಬಿಕೊಳ್ಳುತ್ತಾರೆ. ತುಪ್ಪ ಮಾರುವವನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ನಟಿಸುತ್ತಾನೆ. ಮದುವೆ ದಲ್ಲಾಳಿಗಳೂ ಚುನಾವಣೆಗೆ ನಿಂತವರೂ ಗುಡ್ಡ ಬಳಸಿ, ಧೂಳು ಕುಡಿದು, ಸುತ್ತುದಾರಿಯಲ್ಲಿ ನಡೆದೇ ಬರುತ್ತಾರೆ.

ಹೀಗಾಗಿ ಸುಳ್ಳು ಹೇಳಲು ಒಬ್ಬರನ್ನು ನೇಮಿಸಿಕೊಳ್ಳುವುದು ಊರಿನ ಪದ್ಧತಿ. ನನಗೆ ಮೊದಲು ನನ್ನ ಸೋದರತ್ತೆ ಇದ್ದಳು, ಅವಳ ನಂತರ ನಾನು. ನನ್ನ ಹೆಸರು ನಾಗಲಾಂಬ. ಕರೆಯುವುದು ಸುಳ್ಳಕ್ಕ ಎಂದು. ಹುಟ್ಟು ಹಿಡಿದು ದೋಣಿಯ ದಿಕ್ಕು ನೋಡಿಕೊಳ್ಳುವವನು ಅಂಕಣ್ಣ. ಅವನು ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ, ಆದ್ದರಿಂದ ಮಾತೂ ಕಡಿಮೆ. ನನ್ನ ಸುಳ್ಳು ಚೆನ್ನಾಗಿದ್ದ ದಿನ ಅವನ ಭುಜ ಕುಲುಕುತ್ತಿತ್ತು. ದೋಣಿ ಹೊರಟಿತೋ ಇಲ್ಲವೋ ಎನ್ನುವುದಕ್ಕಿಂತ ನಾನು ಆ ಭುಜವನ್ನೇ ನೋಡುತ್ತಿದ್ದೆ.

ಸುಳ್ಳು ಹೇಗೆ ಹುಟ್ಟುತ್ತದೆ ಎಂದು ತುಂಬ ಜನ ಕೇಳಿದ್ದಾರೆ. ನನಗೆ ಗೊತ್ತಿದ್ದದ್ದು ಇಷ್ಟೇ: ದೋಣಿಗೆ ಯಾರು ಹತ್ತಿದ್ದಾರೆ ಎಂದು ನೋಡುವುದು. ಬಿಸಿಲು ಕಾಲದಲ್ಲಿ ದರ್ಜಿ ರಾಮೋಜಿ ಕೊಡೆ ಹಿಡಿದು ಬಂದಿದ್ದರೆ ಅದೇ ಸಾಕು. ‘ಪಾಪ, ಇವರ ಮನೆ ಮೇಲೆ ಮಾತ್ರ ಆಕಾಶದಿಂದ ಮಾವಿನಕಾಯಿ ಬೀಳುತ್ತವೆ. ಬಿದ್ದರೆ ಬೀಳಲಿ, ಎಲ್ಲವೂ ಹುಳಿ’ ಎಂದು ನಾನು ಶುರು ಮಾಡುವಷ್ಟರಲ್ಲಿ ರಾಮೋಜಿಗೇ ನಗು ಬಂದು, ‘ಉಪ್ಪಿನಕಾಯಿಗಾದ್ರೂ ಆಗ್ತವಲ್ಲ’ ಎಂದುಬಿಡುತ್ತಿದ್ದರು. ಕೊಡೆ ನಿಜ, ಹುಳಿ ನಿಜ. ನಡುವೆ ತೂಗುಹಾಕಿದ್ದು ಮಾತ್ರ ನನ್ನದು.

ಆದರೆ ಇಷ್ಟು ವರ್ಷ ಹೇಳಿ ಹೇಳಿ ನನ್ನ ಬುದ್ಧಿ ಸವೆದಿತ್ತು. ಕೆಲವು ದಿನ ಬೆಳಿಗ್ಗೆ ಎಲ್ಲರೂ ಹತ್ತಿ ಕೂತಿರುತ್ತಿದ್ದರು, ಹಾಲಿನ ಕ್ಯಾನುಗಳು ಬಿಸಿಲಿಗೆ ಬೆಚ್ಚಗಾಗುತ್ತಿದ್ದವು, ನಾನು ನೀರು ನೋಡುತ್ತ ಕೂತಿರುತ್ತಿದ್ದೆ. ಮಕ್ಕಳಿಗೆ ಶಾಲೆ ತಪ್ಪಿದರೆ ಸಂತೋಷ. ದೋಣಿ ಸಮಿತಿಯ ಅಧ್ಯಕ್ಷ ಸಿದ್ಧವೀರಪ್ಪನವರಿಗೆ ಮಾತ್ರ ಮೈಯೆಲ್ಲ ಉರಿ. ಅವರ ಬಟ್ಟೆ ಅಂಗಡಿ ಇದ್ದದ್ದು ಆ ದಡದಲ್ಲಿ.

ಒಂದು ದಿನ ಅವರು ದೂರದ ಶಹರದಿಂದ ತೆಂಗಿನಕಾಯಿ ಗಾತ್ರದ ಕರಿ ಡಬ್ಬಿಯೊಂದನ್ನು ತಂದರು. “ಕೃತಕ ಬುದ್ಧಿ ಅಂತಾರೆ ಇದಕ್ಕೆ. ಏನು ಕೇಳಿದ್ರೂ ಹೇಳತ್ತೆ. ಉಸಿರು ತಗೊಳ್ದೆ ಹೇಳತ್ತೆ” ಎಂದರು. ಹೆಂಗಸರು ಅದಕ್ಕೆ ಅಲ್ಲೇ ಕೃತಕಯ್ಯ ಎಂದು ಹೆಸರಿಟ್ಟರು. ಕೃತಕಯ್ಯನದು ಗಂಭೀರವಾದ ದನಿ, ಪುಸ್ತಕದ ಭಾಷೆ.

ಪರೀಕ್ಷೆಯ ದಿನ ಊರೆಲ್ಲ ದಡದಲ್ಲಿ ಸೇರಿತ್ತು. ಅಧ್ಯಕ್ಷರು ಡಬ್ಬಿಯನ್ನು ದೋಣಿಯ ಮೂತಿಯಲ್ಲಿಟ್ಟು, “ಹೂಂ, ಹೊಸ ಸುಳ್ಳು ಹೇಳಯ್ಯ” ಎಂದರು.

“ಖಂಡಿತವಾಗಿ. ಈ ಹೊಳೆಯು ಮಂಗಳವಾರಗಳಂದು ಬೆಟ್ಟದ ಕಡೆಗೆ ಹರಿಯುತ್ತದೆ” ಎಂದಿತು ಕೃತಕಯ್ಯ.

ದೋಣಿ ಮಿಸುಕಲಿಲ್ಲ.

“ಮೀನುಗಳು ಪರಸ್ಪರ ಪತ್ರ ಬರೆಯುತ್ತವೆ. ಚಂದ್ರನಿಗೆ ಜ್ವರ ಬಂದಿದೆ. ಈ ಊರಿನ ಕತ್ತೆಗಳು ವ್ಯಾಕರಣ ಬಲ್ಲವು.” ಒಂದಾದ ಮೇಲೊಂದು, ಮಳೆಯ ಹಾಗೆ. ಕೇಳಿದವರೆಲ್ಲ ಬೆರಗಾದರು. ಒಂದೇ ಬೆಳಿಗ್ಗೆಯಲ್ಲಿ ಅದು ನನ್ನ ವರ್ಷದ ಬೆಳೆ ಸುರಿಯುತ್ತಿತ್ತು. ಆದರೆ ದೋಣಿ ಮಾತ್ರ ಕಟ್ಟಿಹಾಕಿದ ಎಮ್ಮೆಯ ಹಾಗೆ ಇದ್ದಲ್ಲೇ ಇತ್ತು.

ಅಧ್ಯಕ್ಷರ ಅತ್ತೆ ಹೊನ್ನೂರಮ್ಮ ಮಗಳ ಮನೆಯಲ್ಲೇ ಇರುವ ಮುದುಕಿ. ಅಳಿಯನಿಗೆ ಅವಳೆಂದರೆ ನಡುಕ. ದಡದ ಕಲ್ಲಿನ ಮೇಲೆ ಕೂತು ಎಲ್ಲವನ್ನೂ ಕೇಳುತ್ತಿದ್ದವಳು, “ಅದು ಪಾಪ ಸುಳ್ಳು ಹೇಳ್ತಿಲ್ಲ ಕಣಪ್ಪ” ಎಂದಳು.

“ಮತ್ತೇನು, ನಿಜ ಹೇಳ್ತಿದೆಯಾ?” ಅಧ್ಯಕ್ಷರು ಗೊಣಗಿದರು.

“ನಿಜಾನೂ ಅಲ್ಲ. ಸುಳ್ಳು ಹೇಳೋಕೆ ನಿಜ ಏನೂಂತ ಗೊತ್ತಿರ್ಬೇಕು. ಅದಕ್ಕೆ ಎರಡೂ ಒಂದೇ. ಸುಮ್ನೆ ಮಾತು ಹೊಸೀತಿದೆ.”

ಅಲ್ಲಿಯತನಕ ನಮಗ್ಯಾರಿಗೂ ಇದು ಹೊಳೆದಿರಲಿಲ್ಲ. ಅಂಕಣ್ಣ ಮೆಲ್ಲಗೆ ಡಬ್ಬಿಯನ್ನು ದೋಣಿಯಲ್ಲೇ ಕೂತಿದ್ದ ನನ್ನ ಮಡಿಲಲ್ಲಿಟ್ಟ. ನಾನು ಕೃತಕಯ್ಯನ ಮಾತನ್ನೇ ಎತ್ತಿಕೊಂಡು, ಕಣ್ಣ ಮುಂದೆ ಹುಲ್ಲು ಮೇಯುತ್ತಿದ್ದ ಕತ್ತೆಯನ್ನು ನೋಡುತ್ತ, “ನಮ್ಮೂರ ಕತ್ತೆಗಳಿಗೆ ವ್ಯಾಕರಣ ಬರುತ್ತೆ” ಎಂದೆ. ದೋಣಿ ಬಾಣದ ಹಾಗೆ ಹೊರಟಿತು. ಹತ್ತದೆ ಉಳಿದವರು ದಡದ ಮೇಲೆ ಚಪ್ಪಾಳೆ ಹೊಡೆದರು.

ಮುಂದಿನ ಕೆಲವು ತಿಂಗಳು ನನಗೆ ಮಹಾರಾಣಿಯ ಬದುಕು. ಕೃತಕಯ್ಯ ಹೇಳುತ್ತಿತ್ತು, ನಾನು ಒಪ್ಪಿಸುತ್ತಿದ್ದೆ, ದೋಣಿ ಓಡುತ್ತಿತ್ತು. ದೋಣಿಗೆ ಸುಳ್ಳು ಯಾರ ತಲೆಯದ್ದು ಎನ್ನುವ ಚಿಂತೆ ಇರಲಿಲ್ಲ, ನನಗೂ ಇರಲಿಲ್ಲ. ಬೆಳಿಗ್ಗೆ ನಿಧಾನ ಎದ್ದೆ, ಬದನೆಕಾಯಿ ಎಣ್ಣೆಗಾಯಿ ಮಾಡಿ ತಿಂದೆ, ಎರಡು ಸುತ್ತು ದಪ್ಪಗಾದೆ. ಹಾಲು ಕೆಡಲಿಲ್ಲ, ಶಾಲೆ ತಪ್ಪಲಿಲ್ಲ. ಮಕ್ಕಳು ಮಾತ್ರ ನನ್ನನ್ನು ನೋಡಿದರೆ ಮುಖ ತಿರುಗಿಸುತ್ತಿದ್ದರು.

ಒಂದೇ ವ್ಯತ್ಯಾಸ, ಅಂಕಣ್ಣನ ಭುಜ ಕುಲುಕುವುದು ನಿಂತಿತ್ತು. ದೋಣಿಯಲ್ಲಿ ಯಾರೂ ನನ್ನತ್ತ ತಿರುಗಿ ಕೂರುತ್ತಿರಲಿಲ್ಲ. ಮಾವಿನಕಾಯಿಯ ರಾಮೋಜಿ ಈಗ ದಡ ಸೇರುವತನಕ ತೂಕಡಿಸುತ್ತಿದ್ದರು. ಒಂದು ದಿನ ಬೇಕೆಂದೇ ಡಬ್ಬಿ ಮುಚ್ಚಿಟ್ಟು ಸ್ವಂತದ್ದೊಂದು ಹೇಳಲು ಹೋದೆ. ಬಾಯಿ ತೆರೆದರೆ ಏನೂ ಬರಲಿಲ್ಲ. ಮತ್ತೆ ಮುಚ್ಚಳ ತೆರೆದೆ. ಅಂಕಣ್ಣ ಅದನ್ನು ನೋಡಿ ಬೇರೆ ಕಡೆ ನೋಡಿದ.

ಅಷ್ಟರಲ್ಲಿ ಅಧ್ಯಕ್ಷರ ಮಗನ ಮದುವೆ ಗೊತ್ತಾಯಿತು. ಹೆಣ್ಣಿನ ಕಡೆಯವರು ಬಹಳ ದೂರದವರು, ಮದುವೆಗೆಂದೇ ಬಂದು ಪೇಟೆಯ ಕಲ್ಯಾಣ ಮಂಟಪದಲ್ಲಿ ಇಳಿದಿದ್ದರು. ಅಧ್ಯಕ್ಷರು ನನ್ನನ್ನು ಕರೆದು, “ನೋಡಮ್ಮ ನಾಗಲಾಂಬ, ನೀನು ಬರೀ ಒಪ್ಸೋದು ತಾನೆ? ಅದನ್ನ ನನ್ನ ತಂಗಿ ಮಗಾನೂ ಒಪ್ಪಿಸ್ತಾನೆ. ಮದುವೆ ಮುಗೀಲಿ, ಆಮೇಲೆ ನೀನು ಆರಾಮಾಗಿ ಮನೇಲಿರು” ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ಚುಚ್ಚಿದ್ದು.

ಮದುವೆಯ ದಿನ ದೋಣಿಗೆ ಬಾಳೆಕಂಬ, ಮಾವಿನ ತೋರಣ. ಒಳಗೆ ಮದುಮಗ, ಹತ್ತಿರದ ನೆಂಟರು, ಓಲಗದವರು, ರೇಷ್ಮೆ ಸೀರೆಯ ಹೊನ್ನೂರಮ್ಮ. ಗಂಡಿನ ಕಡೆಯವರನ್ನು ಎದುರುಗೊಳ್ಳಲು ಹೆಣ್ಣಿನ ಸೋದರಮಾವ ಬಸವಂತಪ್ಪನವರು ನಸುಕಿನಲ್ಲೇ ಸುತ್ತುದಾರಿಯಿಂದ ಜೀಪಿನಲ್ಲಿ ಬಂದಿದ್ದರು. ನೆಟ್ಟಗೆ ಕೂರುವ, ನೆಟ್ಟಗೆ ಮಾತಾಡುವ ಮನುಷ್ಯ. ಸುಳ್ಳು ಹೇಳುವವರನ್ನು ಕಂಡರೆ ಆಗದೆಂದು ಬಂದ ತಕ್ಷಣ ತಾವೇ ಹೇಳಿಕೊಂಡಿದ್ದರು. ಅವರಿಗೆ ನಮ್ಮ ದೋಣಿಯ ಗುಟ್ಟು ತಿಳಿಯಬಾರದೆಂದು ಅಧ್ಯಕ್ಷರು ಎಲ್ಲರ ಬಾಯಿಗೂ ಬೀಗ ಹಾಕಿಸಿದ್ದರು. ನನ್ನನ್ನು ತೋರಿಸಿ, “ಇವರು ಪ್ರಯಾಣಿಕರಿಗೆ ಜಗತ್ತಿನ ಸೋಜಿಗ ತಿಳಿಸ್ತಾರೆ. ಸಮಿತಿಯ ಏರ್ಪಾಡು” ಎಂದು ದಡದ ಮೇಲೆ ನಿಂತೇ ಪರಿಚಯಿಸಿದರು.

ಹೊರಡುವಾಗ ಕೃತಕಯ್ಯ ಕೊಟ್ಟ ಮೊದಲ ಮಾತು ನಡೆಯಲಿಲ್ಲ. ಅದೃಷ್ಟಕ್ಕೆ ನಾದಸ್ವರದವನು ಮದುಮಗನಿಗೆ, “ನೀವು ಸಾಕ್ಷಾತ್ ಹೊಳೆಯೊಳಗಿಂದ ಎದ್ದ ಸೂರ್ಯನ ಹಾಗಿದ್ದೀರಿ” ಎಂದ. ಮದುಮಗನನ್ನು ನೋಡಿದರೆ ಹಾಗೆ ಅನ್ನಿಸುವಂತಿರಲಿಲ್ಲ. ದೋಣಿ ಹೊರಟಿತು. ಆದರೆ ಹೊಗಳಿಕೆಗೆ ಎಷ್ಟು ಕಸುವು? ಹೊಳೆಯ ನಡುವೆ ನಿಂತಿತು.

ನಾನು ಡಬ್ಬಿಗೆ ಕಿವಿ ಕೊಟ್ಟೆ. “ಸಮುದ್ರದ ಆಕ್ಟೋಪಸ್ ಎಂಬ ಪ್ರಾಣಿಗೆ ಮೂರು ಹೃದಯಗಳಿವೆ” ಎಂದಿತು. ಇಂಥ ಸೊಗಸಾದ ಸುಳ್ಳು ಎಲ್ಲಿಂದ ತರುತ್ತದಪ್ಪ ಎಂದುಕೊಂಡು ಗಟ್ಟಿಯಾಗಿ ಹೇಳಿದೆ. ದೋಣಿ ಅಲುಗಲಿಲ್ಲ. “ದೂರದ ಒಂದು ದೇಶದಲ್ಲಿ ಒಂದು ಪ್ರಾಣಿ ಚೌಕಾಕಾರದ ಲದ್ದಿ ಹಾಕುತ್ತದೆ.” ಹೇಳಿದೆ. ಬಸವಂತಪ್ಪನವರು ಹುಬ್ಬೇರಿಸಿದರು, ದೋಣಿ ನಿಂತೇ ಇತ್ತು. “ಶುಕ್ರ ಗ್ರಹದಲ್ಲಿ ಒಂದು ದಿನವು ಒಂದು ವರ್ಷಕ್ಕಿಂತ ದೀರ್ಘ.” ಅದೂ ಇಲ್ಲ.

“ಏನಾಗಿದ್ಯೋ ನಿಂಗೆ?” ಎಂದು ಡಬ್ಬಿಯನ್ನು ಸೆರಗಿನೊಳಗೆ ಎಳೆದುಕೊಂಡು ಪಿಸುಗುಟ್ಟಿದೆ.

“ಬೀಗರ ಎದುರು ಒಂದೂ ಸುಳ್ಳು ನುಡಿಯಕೂಡದೆಂದು ಅಧ್ಯಕ್ಷರು ಬೆಳಿಗ್ಗೆ ಆಜ್ಞಾಪಿಸಿದ್ದಾರೆ. ಆದ್ದರಿಂದ ಸುಳ್ಳಿನಂತೆ ಕೇಳಿಸುವ ಸತ್ಯಗಳನ್ನು ಒದಗಿಸುತ್ತಿದ್ದೇನೆ” ಎಂದಿತು ಕೃತಕಯ್ಯ, ಬಹಳ ವಿನಯದಿಂದ.

ನಾನು ಅಧ್ಯಕ್ಷರನ್ನು ನೋಡಿದೆ. ಅವರ ಮುಖ ಬೆವರಿತ್ತು. ಆಜ್ಞೆ ಹಿಂತೆಗೆದುಕೊಳ್ಳಲು ಬೀಗರ ಎದುರೇ ‘ಸುಳ್ಳು ಹೇಳು’ ಎನ್ನಬೇಕು.

“ದೋಣಿ ಯಾಕ್ರೀ ನಿಂತಿದೆ?” ಬಸವಂತಪ್ಪನವರು ಕೇಳಿದರು. “ಮುಹೂರ್ತ ಹತ್ತಿರ ಬಂತು.”

“ಅದು, ಬ್ಯಾಟರಿ ಸ್ವಲ್ಪ ಬಿಸಿಯಾಗಿದೆ” ಎಂದರು ಅಧ್ಯಕ್ಷರು. ದೋಣಿ ಗಕ್ಕನೆ ಒಂದು ಮಾರು ಮುಂದೆ ಹೋಯಿತು. ಅಧ್ಯಕ್ಷರ ಮುಖ ಅರಳಿತು. “ಜಪಾನಿನ ಬ್ಯಾಟರಿ!” ಮತ್ತೊಂದು ಮಾರು.

“ಹೌದಾ? ಎಲ್ಲಿದೆ, ತೋರ್ಸಿ. ನಂದೂ ಮೋಟಾರಿನ ವ್ಯಾಪಾರವೇ” ಎಂದು ಬಸವಂತಪ್ಪನವರು ಎದ್ದೇಬಿಟ್ಟರು.

ಅಲ್ಲಿಗೆ ಅಧ್ಯಕ್ಷರ ಸರಕು ತೀರಿತು. ಏನೂ ತೋಚದೆ ಪಕ್ಕದಲ್ಲಿದ್ದ ಹೊನ್ನೂರಮ್ಮನ ಕೈ ಹಿಡಿದು, “ಅದೆಲ್ಲ ಇರಲಿ ಬಿಡಿ, ಇವರು ನಮ್ಮತ್ತೆ. ಇವರಂದ್ರೆ ನನಗೆ ಪ್ರಾಣ” ಎಂದರು. ದೋಣಿ ಕದಲಲಿಲ್ಲ. ಇದು ನಿಜವೋ ಹಾಗಾದರೆ?

“ಹಳೇ ಸುಳ್ಳು ಬಿಡಪ್ಪ. ಎಲ್ಲ ಅಳಿಯಂದ್ರೂ ಹೇಳಿ ಮುಗ್ಸಿದ್ದಾರೆ” ಎಂದಳು ಹೊನ್ನೂರಮ್ಮ. ಆಗಲೂ ದೋಣಿ ನಿಂತೇ ಇತ್ತು, ಅಂದರೆ ಅವಳು ಹೇಳಿದ್ದು ನಿಜ. ಓಲಗದವರು ನಗು ತಡೆಯಲಾರದೆ ಡೋಲಿನ ಹಿಂದೆ ಮುಖ ಮುಚ್ಚಿಕೊಂಡರು.

ಆ ದಡದಲ್ಲಿ ಹೆಣ್ಣಿನ ಕಡೆಯವರ ಓಲಗ ಶುರುವಾಗಿತ್ತು. ಯಾರೋ ಛತ್ರಿ ಬೀಸಿ ಬೇಗ ಬನ್ನಿ ಎಂದು ಕರೆಯುತ್ತಿದ್ದರು. ಅಂಕಣ್ಣ ನನ್ನನ್ನು ನೋಡಿದ. ಆ ನೋಟದಲ್ಲಿ ‘ಈಗ ನೀನೇ’ ಎಂಬುದಿತ್ತು.

ನನಗೆ ನಿಜಕ್ಕೂ ಭಯವಾಯಿತು. ತಲೆಯಲ್ಲಿ ಕೃತಕಯ್ಯನ ಮೀನು, ಚಂದ್ರ, ಕತ್ತೆಗಳೇ ತಿರುಗುತ್ತಿದ್ದವು. ಅವೆಲ್ಲ ಹೇಳಿಯಾಗಿದ್ದವು. ಬೇಡ, ಇದು ಬೇಡ, ಅದೂ ಬೇಡ ಎಂದು ಒಂದೊಂದನ್ನೇ ದೂಡುತ್ತ ಹೋದೆ. ಕಡೆಗೆ ದೂಡಲು ಏನೂ ಉಳಿಯದೆ, ಮೊದಲೆಲ್ಲ ಮಾಡುತ್ತಿದ್ದ ಹಾಗೆ, ದೋಣಿಯೊಳಗೆ ಯಾರಿದ್ದಾರೆ ಎಂದು ನೋಡಿದೆ. ಹೊನ್ನೂರಮ್ಮ ಸೀರೆ ನೆನೆಯದಂತೆ ನೆರಿಗೆ ಎತ್ತಿಕೊಂಡಿದ್ದಳು. ಕಣಕಾಲಿನ ಮೇಲೆ ಒಂದು ಹಳೆಯ ಕಲೆ. ಹಲ್ಲುಹಲ್ಲಾಗಿ, ಸೈಕಲ್ ಚೈನು ಕಚ್ಚಿದಂತೆ.

“ಬೀಗರೇ,” ಎಂದೆ, “ಈ ಹೊನ್ನೂರಮ್ಮನ ಸೊಂಟ ಹಿಡ್ಕೊಂಡಿರೋದು ವಯಸ್ಸಿಗಲ್ಲ. ಚಿಕ್ಕಂದಿನಲ್ಲಿ ಸರ್ಕಸ್ಸಿನಲ್ಲಿ ಒಂಟಿ ಚಕ್ರದ ಸೈಕಲ್ ಓಡಿಸಿದ್ದಕ್ಕೆ.”

ದೋಣಿ ಹೊರಟಿತು. ಅಧ್ಯಕ್ಷರು ಹಣೆ ಬಡಿದುಕೊಂಡರು. ಬಸವಂತಪ್ಪನವರು, “ಹಾಂ?” ಎಂದು ಕೂತುಬಿಟ್ಟರು.

“ಸುಮ್ನೆ ನೆಲದ ಮೇಲಲ್ಲ. ಈ ದಡದಿಂದ ಆ ದಡಕ್ಕೆ ಹಗ್ಗ ಕಟ್ಟಿ, ಹಗ್ಗದ ಮೇಲೆ. ಭುಜದ ಮೇಲೊಂದು ಗಿಣಿ.”

“ಗಿಣಿ ಟಿಕೆಟ್ ಹರೀತಿತ್ತು” ಎಂದ ಡೋಲಿನವನು ಇದ್ದಕ್ಕಿದ್ದಂತೆ. ದೋಣಿಗೆ ಇನ್ನೊಂದು ನೂಕು.

“ಅಜ್ಜಿ ನನಗೂ ಕಲಿಸಿದ್ರು, ನಾನು ಬಿದ್ದೆ. ಮೂಗು ಸೊಟ್ಟ ಆಗಿದ್ದು ಹಾಗೇ” ಎಂದ ಮದುಮಗ. ಅವನ ಮೂಗು ನಿಜವಾಗಿಯೂ ಸೊಟ್ಟ. ದೋಣಿ ಸರಸರನೆ ಹೋಯಿತು. ಹೊನ್ನೂರಮ್ಮನೇ ನಗುತ್ತ, “ಗಿಣಿ ನನಗಿಂತ ಚೆನ್ನಾಗಿ ಓಡಿಸ್ತಿತ್ತು” ಎಂದಳು. ಅಂಕಣ್ಣನ ಭುಜ ಕುಲುಕತೊಡಗಿತು. ಎಷ್ಟು ತಿಂಗಳಾಗಿತ್ತು ಅದನ್ನು ನೋಡಿ! ನನಗೆ ಅಮಲೇರಿತು. ಮಾತು ತಾನಾಗಿ ಬರುತ್ತಿತ್ತು. ಮುಂದಿನದೇನೆಂದು ನನಗೇ ಗೊತ್ತಿರಲಿಲ್ಲ.

“ಊರಿಗೆ ಸೈಕಲ್ ರಿಪೇರಿ ಮಾಡೋ ಹುಡುಗನೊಬ್ಬ ಬಂದಿದ್ದ,” ಎಂದೆ. “ಹೊನ್ನೂರಮ್ಮ ಅವನ ಜೊತೆ ಓಡಿಹೋಗೋಕೇಂತ ರೈಲ್ವೆ ಸ್ಟೇಷನ್ ತನಕ ಹೋದ್ಲು. ರೈಲು ಬರೋಕ್ಕೆ ಮೊದಲೇ ಒಬ್ಬಳೇ ವಾಪಸ್ ಬಂದ್ಲು.”

ದೋಣಿ ನಿಂತಿತು.

ನಗು ಅರ್ಧಕ್ಕೇ ತುಂಡಾಯಿತು. ಎಲ್ಲರ ತಲೆಗಳೂ ಒಟ್ಟಿಗೆ ಹೊನ್ನೂರಮ್ಮನ ಕಡೆ ತಿರುಗಿದವು. ಅಧ್ಯಕ್ಷರ ಕಣ್ಣುಗಳು ತಟ್ಟೆಯಷ್ಟಾಗಿದ್ದವು.

ಹೊನ್ನೂರಮ್ಮ ನೆರಿಗೆಯನ್ನು ಕಲೆಯ ಮೇಲೆ ಇಳಿಸಿಕೊಂಡಳು. “ಏನ್ ಹಂಗೆ ನೋಡ್ತೀರ ಎಲ್ರೂ?” ಎಂದಳು. “ಹಳೇ ಸುಳ್ಳು ಅದು. ಯಾರೋ ಆಗ್ಲೇ ಹೇಳ್ಬಿಟ್ಟಿದ್ದಾರೆ.”

ಅವಳ ಮಾತು ಮುಗಿಯುವುದೇ ತಡ, ದೋಣಿ ಎಂದೂ ಹಾರದ ಹಾಗೆ ಹಾರಿತು. ಬಾಳೆಕಂಬ ಮುರಿಯಿತು, ಓಲಗದವರು ಒಬ್ಬರ ಮೇಲೊಬ್ಬರು ಬಿದ್ದರು, ಬಸವಂತಪ್ಪನವರ ಪೇಟ ಹೊಳೆಗೆ ಹೋಯಿತು. ಮೂತಿ ಮರಳಿಗೆ ಗುದ್ದಿ ನಿಂತಾಗ ನಾವೆಲ್ಲ ಆ ದಡದಲ್ಲಿದ್ದೆವು. ಮುಹೂರ್ತ ತಪ್ಪಲಿಲ್ಲ.

ಊರಿನವರ ಪೈಕಿ ಒಬ್ಬರೂ ಆ ಮಾತೆತ್ತಲಿಲ್ಲ. ಹಾರಿದ ದೋಣಿಯೇ ಹೇಳಬೇಕಾದ್ದನ್ನು ಹೇಳಿತ್ತು. ಅಧ್ಯಕ್ಷರು ಊಟದ ಪಂಕ್ತಿಯಲ್ಲಿ ಅತ್ತೆಗೆ ತಾವೇ ಹೋಳಿಗೆ ಬಡಿಸಿ, ತುಪ್ಪ ಹಾಕಿ, ಸಾಕೇ ಎಂದು ಕೇಳಿದರು. ಅವಳನ್ನು ಮೊದಲ ಸಲ ನೋಡುತ್ತಿರುವವರ ಹಾಗೆ ನೋಡುತ್ತಿದ್ದರು. ಬಸವಂತಪ್ಪನವರಿಗೆ ಪಾಯಸದ ಹೊತ್ತಿಗೆ ಯಾರೋ ದೋಣಿಯ ಗುಟ್ಟು ಹೇಳಿಬಿಟ್ಟಿದ್ದರು. ಅವರು ಪಾಯಸದ ಲೋಟ ಕೆಳಗಿಟ್ಟು, “ಹಾಗಾದ್ರೆ ಆ ಚೌಕ ಲದ್ದಿ ನಿಜಾನೇನ್ರೀ?” ಎಂದು ನನ್ನನ್ನು ಕೇಳಿದರು.

ನನ್ನನ್ನು ಮನೆಗೆ ಕಳಿಸುವ ಮಾತನ್ನು ಅಧ್ಯಕ್ಷರು ಮತ್ತೆ ಆಡಲಿಲ್ಲ. ಕೃತಕಯ್ಯನನ್ನೂ ನಾನು ಹೊರಗೆ ಹಾಕಲಿಲ್ಲ. ಪಕ್ಕದಲ್ಲೇ ಇರುತ್ತದೆ. ಬೆಳಿಗ್ಗೆ ಅದರ ಜೊತೆ ಜಗಳವಾಡುತ್ತೇನೆ. ಅದು ಹತ್ತು ಹೇಳುತ್ತದೆ, ನಾನು ಹತ್ತನ್ನೂ ಬೇಡ ಎನ್ನುತ್ತೇನೆ. ಬೇಡ ಎನ್ನುತ್ತ ಎನ್ನುತ್ತ ಬೇಕಾದ್ದು ಎಲ್ಲೋ ಮೂಲೆಯಲ್ಲಿ ತಲೆ ಎತ್ತುತ್ತದೆ. ಎತ್ತದ ದಿನ ಹಾಲು ಕೆಡುತ್ತದೆ, ಮಕ್ಕಳು ಕುಣಿಯುತ್ತಾರೆ.

ಮದುವೆಯ ಗದ್ದಲ ಮುಗಿದ ಮೇಲೆ ಹೊನ್ನೂರಮ್ಮ ಒಂದು ದಿನ ಕೋಲೂರಿಕೊಂಡು ಬಂದು ದೋಣಿ ಹತ್ತಿದಳು. ಪೇಟೆಯಲ್ಲಿ ಅವಳಿಗೇನೂ ಕೆಲಸವಿರಲಿಲ್ಲ. ನನ್ನ ಎದುರಿಗೇ ಕೂತು, “ಹೂಂ, ಹೇಳು. ಆಮೇಲೇನಾಯ್ತು?” ಎಂದಳು.

“ಯಾವುದವ್ವ?”

“ಅದೇ, ಆ ಸೈಕಲ್ಲಿನ ಹುಡುಗಂದು.”

“ನಂಗೇನು ಗೊತ್ತು, ಹೊನ್ನೂರಮ್ಮ?”

“ಗೊತ್ತಿಲ್ಲ ಅಂತಲೇ ಕೇಳ್ತಿರೋದು. ಗೊತ್ತಿರೋರು ಹೇಳೋದ್ರಲ್ಲಿ ಏನು ಮಜಾ?”

ನಾನು ಹೇಳಿದೆ. ಅವನು ರೈಲು ಹತ್ತಿ ಹೋಗಿ ಒಂದು ರಾಜ್ಯದ ಮಂತ್ರಿಯಾದ ಎಂದೆ. ದೋಣಿ ಹೋಯಿತು, ಅವಳು ನಕ್ಕಳು. ಮರುದಿನವೂ ಬಂದಳು. ಅವನು ಸಾಧುವಾಗಿ ಗಾಳಿ ತುಂಬುವ ಪಂಪನ್ನೇ ಪೂಜಿಸುತ್ತಿದ್ದಾನೆ ಎಂದೆ. ದೋಣಿ ಹೋಯಿತು, ಇನ್ನೂ ನಕ್ಕಳು. ಹೀಗೆ ದಿನವೂ ನಡೆಯಿತು. ರಾಮೋಜಿ ತೂಕಡಿಸುವುದನ್ನು ಬಿಟ್ಟರು. ತುಪ್ಪದವನು ಕಥೆ ಕೇಳಲೆಂದೇ ಕಣ್ಣು ಬಿಟ್ಟು ಕೂರತೊಡಗಿದ.

ಒಂದು ಬೆಳಿಗ್ಗೆ ಮೋಡ ಕವಿದಿತ್ತು. ಆ ದಿನದ ಸುಳ್ಳು ಬಡಕಲಾಗಿ ನಡುಹೊಳೆಯಲ್ಲಿ ಮುಗಿದಿತ್ತು. ನಾನು ಅವಳ ಕೈಯನ್ನೇ ನೋಡುತ್ತ, ಏನನ್ನೂ ಯೋಚಿಸದೆ ಹೇಳಿದೆ: “ಅವಳು ಹೆದರಿ ವಾಪಸ್ ಬಂದಿದ್ದಲ್ಲ. ಸ್ಟೇಷನ್ನಿನಲ್ಲಿ ಅವನು ಟಿಕೆಟ್ ತರೋಕೆ ಹೋದಾಗ, ಅವನ ಚೀಲದಲ್ಲಿ ಅವಳಿಗೇಂತ ತಂದಿದ್ದ ಹೊಸ ಚಪ್ಪಲಿ ನೋಡಿದ್ಲು, ತೀರಾ ಚಿಕ್ಕದು. ಅವನು ಅವಳ ಪಾದ ಎಷ್ಟು ದೊಡ್ಡದೂಂತ ಒಂದ್ಸಲಾನೂ ನೋಡೇ ಇರ್ಲಿಲ್ಲ. ಅಷ್ಟಕ್ಕೇ ಎದ್ದು ಬಂದ್ಬಿಟ್ಲು.”

ದೋಣಿ ಕದಲಲಿಲ್ಲ.

ಅಂಕಣ್ಣ ಹುಟ್ಟನ್ನು ನೀರಿನಿಂದ ಎತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಶಾಲೆಯ ಮಕ್ಕಳು ಹೊನ್ನೂರಮ್ಮನ ಪಾದಗಳನ್ನು ನೋಡಿದರು. ಹೊನ್ನೂರಮ್ಮ ಬಗ್ಗಿ ಬೆರಳುಗಳನ್ನು ಹೊಳೆಯಲ್ಲಿ ಅದ್ದಿದಳು.

“ಇನ್ನೊಂದು ಸುಳ್ಳು ಒದಗಿಸಲೇ?” ಎಂದು ಕೃತಕಯ್ಯ ಮೆಲ್ಲಗೆ ಕೇಳಿತು.

“ತಡಿಯಪ್ಪ,” ಎಂದಳು ಹೊನ್ನೂರಮ್ಮ. “ಒಂಚೂರು ಹೊತ್ತು ಇಲ್ಲೇ ಇರೋಣ.”